ಗಾಡಿ ಅದೇ ಇರಲಿ, ಬ್ಯಾಟರಿ ಬದಲಾಗಲಿ. ಆದರೆ ಹಳೆಯ ಸೀಸ ಎಲ್ಲಿಗೆ ಹೋಗಬೇಕು?

ಗಾಲ್ಫ್ ಆಟವನ್ನು ನಮ್ಮ ಕಾಲೇಜಿನಲ್ಲಿ ಯಾರೂ ಆಡಿದವರಿಲ್ಲ. ರಾಯಲ್ಪಾಡು ಹೋಬಳಿಯಲ್ಲಿ ಅಷ್ಟು ಅಗಲದ ಜಾಗ ಯಾರಿಗಾದರೂ ಸಿಕ್ಕರೆ ಅಲ್ಲಿ ಮಾವಿನ ಸಸಿ ನೆಡುತ್ತಾರೆಯೇ ಹೊರತು ಹುಲ್ಲು ಬೆಳೆಸಿ ಚೆಂಡು ಹೊಡೆಯುವುದಿಲ್ಲ. ಆದರೂ ಗಾಲ್ಫ್ ಕಾರ್ಟ್ ಎಂಬ ಗಾಡಿಯನ್ನು ನಾವೆಲ್ಲ ನೋಡಿದ್ದೇವೆ. ಲಾಲ್‌ಬಾಗ್‌ನಲ್ಲಿ, ಮೈಸೂರು ಮೃಗಾಲಯದಲ್ಲಿ ನಡೆಯಲಾಗದವರನ್ನು ಕೂರಿಸಿಕೊಂಡು ಸದ್ದಿಲ್ಲದೆ ಓಡಾಡುವುದು ಅದೇ. ಹಂಪಿಗೆ ಪ್ರವಾಸ ಹೋದವರಿಗೆ ವಿಜಯ ವಿಠ್ಠಲ ದೇವಾಲಯದ ದಾರಿಯಲ್ಲಿ ಹೆಣ್ಣುಮಕ್ಕಳು ಓಡಿಸುವ ಬ್ಯಾಟರಿ ಗಾಡಿ ನೆನಪಿರಬೇಕು. ಮಕ್ಕಾದಲ್ಲಿ 2024ರ ರಂಝಾನ್‌ನಲ್ಲಿ ಮಸ್ಜಿದುಲ್ ಹರಾಮ್‌ನ ಛಾವಣಿಯ ಮೇಲೆ ವಯಸ್ಸಾದವರ ತವಾಫ್‌ಗೆ ಇಂಥದ್ದೇ ಗಾಡಿಗಳನ್ನು ಬಿಟ್ಟರು. ಇನ್ನು ಪೇಟೆಗಳಲ್ಲಿ ಓಡುವ ಇ-ರಿಕ್ಷಾ ಇದೇ ಗಾಡಿಯ ಬಡ ತಮ್ಮ. ಮೋಟಾರು, ಕಂಟ್ರೋಲರ್, ಸೀಟಿನ ಕೆಳಗೆ ಸಾಲಾಗಿ ಕೂತ ಸೀಸದ ಬ್ಯಾಟರಿಗಳು, ಎಲ್ಲವೂ ಹೆಚ್ಚುಕಡಿಮೆ ಒಂದೇ ರೀತಿ.

ಈ ಸೀಸದ ಬ್ಯಾಟರಿಗಳನ್ನು ತೆಗೆದು ಅದೇ ಗಾಡಿಗೆ ಲಿಥಿಯಂ ಬ್ಯಾಟರಿ ಕೂರಿಸಬೇಕೇ ಬೇಡವೇ ಎಂಬುದು ಈಗಿನ ಪ್ರಶ್ನೆ. ನನ್ನ ಅಭಿಪ್ರಾಯ: ಕೂರಿಸಬೇಕು. ಗಟ್ಟಿಮುಟ್ಟಾದ ಗಾಡಿಯನ್ನು ಬ್ಯಾಟರಿ ಸತ್ತಿತೆಂದು ಮೂಲೆಗೆ ತಳ್ಳುವುದು ಇಸ್ರಾಫ್, ಅಂದರೆ ದುಂದು. ಆದರೆ ಈ ಬದಲಾವಣೆಯ ಬಗ್ಗೆ ಮಾತಾಡುವವರೆಲ್ಲ ಒಳಗೆ ಬರುವ ಲಿಥಿಯಂ ಬಗ್ಗೆಯೇ ಮಾತಾಡುತ್ತಾರೆ. ಹೊರಗೆ ಹೋಗುವ ಇನ್ನೂರು ಕಿಲೋ ಸೀಸದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನಮ್ಮ ಊರಿಗೆ, ಅದರಲ್ಲೂ ನಮ್ಮ ಸಮುದಾಯಕ್ಕೆ, ನಿಜವಾದ ಲೆಕ್ಕ ಇರುವುದು ಆ ಎರಡನೆಯದರಲ್ಲಿ.

ಮೊದಲು ಬದಲಾವಣೆ ಏಕೆ ಬೇಕು ಎಂಬುದನ್ನು ನೋಡೋಣ. ಇದು ಅಮೆರಿಕದಿಂದಲೋ ಚೀನಾದಿಂದಲೋ ಕೇಳಿ ಬಂದ ಮಾತಲ್ಲ, ನಮ್ಮ ಪಕ್ಕದ ಬೆಂಗಳೂರಿನಲ್ಲೇ ನಡೆದು ತೋರಿಸಿದ ವಿಷಯ. 1994ರಲ್ಲಿ ಮೈನಿ ಬಳಗವೂ ಅಮೆರಿಕದ ಅಮೆರಿಗಾನ್ ಕಂಪನಿಯೂ ಸೇರಿ ರೇವಾ ಸಂಸ್ಥೆ ಕಟ್ಟಿದರು. 2001ರಲ್ಲಿ ಚೇತನ್ ಮೈನಿಯವರ ರೇವಾ ಕಾರು ಬೆಂಗಳೂರಿನ ರಸ್ತೆಗೆ ಇಳಿಯಿತು. ಎರಡು ಬಾಗಿಲಿನ ಆ ಪುಟ್ಟ ಕಾರನ್ನು ನೋಡಿ ನಕ್ಕವರೇ ಹೆಚ್ಚು. ಅದರ ಹೊಟ್ಟೆಯಲ್ಲಿ ಇದ್ದದ್ದು 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು, ಒಟ್ಟು 48 ವೋಲ್ಟ್. ಗಾಲ್ಫ್ ಕಾರ್ಟಿನಲ್ಲೂ ಸಾಮಾನ್ಯವಾಗಿ ಇರುವುದು ಇದೇ ಜೋಡಣೆ. ಒಮ್ಮೆ ಚಾರ್ಜ್ ಮಾಡಿದರೆ 80 ಕಿಲೋಮೀಟರ್ ಎಂದು ಕಂಪನಿ ಹೇಳುತ್ತಿತ್ತು. 2009ರಲ್ಲಿ ಅದೇ ಕಾರಿಗೆ ಲಿಥಿಯಂ ಅಯಾನ್ ಬ್ಯಾಟರಿ ಹಾಕಿ ರೇವಾ ಎಲ್-ಅಯಾನ್ ಎಂಬ ಮಾದರಿ ತಂದರು. ಕಂಪನಿ ಹೇಳಿದ ದೂರ 120 ಕಿಲೋಮೀಟರ್ ಆಯಿತು. ಕಾರಿನ ಆಕಾರ ಅದೇ, ಬದಲಾದದ್ದು ಒಳಗಿನ ಬ್ಯಾಟರಿ. ಮರುವರ್ಷ ಮಹೀಂದ್ರಾ ಕಂಪನಿ ರೇವಾವನ್ನು ಕೊಂಡಿತು. ಇಂದಿಗೆ ರೇವಾ ರಸ್ತೆಯಲ್ಲಿ ಕಾಣುವುದೇ ಅಪರೂಪ. ಆದರೆ ಅದು ಕಲಿಸಿದ ಪಾಠವನ್ನು ಈಗ ಪ್ರತಿಯೊಂದು ಬ್ಯಾಟರಿ ಗಾಡಿಯೂ ಮತ್ತೆ ಓದುತ್ತಿದೆ. (ವಿದ್ಯುತ್ತಿನ ವಿಷಯದಲ್ಲಿ ಕೋಲಾರ ಜಿಲ್ಲೆ ಹಿಂದೆ ಬಿದ್ದದ್ದೂ ಅಲ್ಲ. ಶಿವನಸಮುದ್ರದ ಕರೆಂಟು 1902ರಲ್ಲಿ ಬೆಂಗಳೂರಿಗಿಂತ ಮೊದಲು ಕೆಜಿಎಫ್ ಗಣಿಗೆ ಬಂತು. ಆ ನಂತರ ನಮ್ಮ ಹಳ್ಳಿಗಳು ಎಷ್ಟು ಕಾಲ ಕಾದವು ಎಂಬುದು ಬೇರೆ ಕಥೆ.)

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದಲ್ಲಿ ವಿದ್ಯುತ್ ರಸಾಯನಶಾಸ್ತ್ರ ಎಂಬ ಅಧ್ಯಾಯ ಇದೆ. ಸೀಸ ಆನೋಡ್, ಸೀಸದ ಡೈಆಕ್ಸೈಡ್ ಕ್ಯಾಥೋಡ್, 38% ಸಲ್ಫ್ಯೂರಿಕ್ ಆಮ್ಲ ಎಲೆಕ್ಟ್ರೋಲೈಟ್. ಡಿಸ್ಚಾರ್ಜ್ ಆದಾಗ ಎರಡೂ ಕಡೆ ಸೀಸದ ಸಲ್ಫೇಟ್ ಕೂರುತ್ತದೆ, ಚಾರ್ಜ್ ಮಾಡಿದಾಗ ಕರಗಿ ಹಿಂದಕ್ಕೆ ಹೋಗುತ್ತದೆ. ಸಮೀಕರಣ ಬರೆದು ಅಂಕ ತೆಗೆದುಕೊಳ್ಳುತ್ತೇವೆ, ಪುಸ್ತಕ ಮುಚ್ಚುತ್ತೇವೆ. ಪುಸ್ತಕ ಹೇಳದ ಒಂದು ಮಾತು ಇದೆ. ಗಾಡಿಯವನು ಸಂಜೆವರೆಗೂ ಓಡಿಸಿ, ರಾತ್ರಿ ಕರೆಂಟು ಹೋಗಿ, ಅರ್ಧ ಚಾರ್ಜಿನಲ್ಲೇ ಬೆಳಿಗ್ಗೆ ಮತ್ತೆ ಹೊರಟರೆ ಆ ಸಲ್ಫೇಟ್ ಪೂರ್ತಿ ಹಿಂದಕ್ಕೆ ಹೋಗುವುದಿಲ್ಲ. ದಿನದಿನಕ್ಕೂ ಹರಳುಗಟ್ಟಿ ಕಲ್ಲಾಗುತ್ತದೆ. ನಮ್ಮ ಕಡೆ ಇದರ ಮೇಲೆ ಇನ್ನೊಂದು ಕಾಟ. ಡಿಸ್ಟಿಲ್ಡ್ ವಾಟರ್ ತರಲು ಸೋಮಾರಿತನ ಮಾಡಿ ಬೋರ್‌ವೆಲ್ ನೀರನ್ನೇ ಬ್ಯಾಟರಿಗೆ ಸುರಿಯುವವರಿದ್ದಾರೆ. ಸಾವಿರ ಅಡಿ ಆಳದಿಂದ ಬರುವ, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ಆ ನೀರು ಬ್ಯಾಟರಿಗೆ ಏನು ಮಾಡುತ್ತದೆಂದು ಕೇಳಬೇಕೇ?

ಒಂದು ಲೆಕ್ಕ ಮಾಡೋಣ. 6 ವೋಲ್ಟ್, 225 ಆಂಪಿಯರ್-ಅವರ್‌ನ ಎಂಟು ಬ್ಯಾಟರಿ ಎಂದರೆ 48 × 225, ಅಂದರೆ 10.8 ಯೂನಿಟ್. ಕೇಳಲು ದೊಡ್ಡದು. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡುತ್ತಾ ಹೋದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ ಕೈಗೆ ಬರುವುದು 5.4 ಯೂನಿಟ್. ಅದೂ ಪೂರ್ತಿ ಅಲ್ಲ. 225 ಎಂಬ ಸಂಖ್ಯೆ 20 ಗಂಟೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವುದು. ಏರು ಹತ್ತುವಾಗ 75 ಆಂಪಿಯರ್ ಎಳೆದರೆ ಅದೇ ಬ್ಯಾಟರಿ ಸುಮಾರು 145 ಆಂಪಿಯರ್-ಅವರ್‌ಗೇ ಕೈ ಚೆಲ್ಲುತ್ತದೆ. ಇದನ್ನು ಪ್ಯೂಕರ್ಟ್ ನಿಯಮ ಎನ್ನುತ್ತಾರೆ. ಇತ್ತ 51.2 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಪ್ಯಾಕ್ 5.12 ಯೂನಿಟ್. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಿಶ್ಚಿಂತೆಯಿಂದ ಬಳಸಬಹುದು, 4.6 ಯೂನಿಟ್. ವೇಗವಾಗಿ ಎಳೆದರೂ ಇದಕ್ಕೆ ಅಷ್ಟು ನಷ್ಟವಿಲ್ಲ. ಅಂದರೆ ಹೆಸರಿಗೆ ಅರ್ಧದಷ್ಟಿರುವ ಪ್ಯಾಕು ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡುತ್ತದೆ. ಸೀಸದ ಒಂದೊಂದು ಬ್ಯಾಟರಿ 28 ಕಿಲೋ, ಎಂಟಕ್ಕೆ 224. ಲಿಥಿಯಂ ಪ್ಯಾಕು 50 ಕಿಲೋದ ಆಸುಪಾಸು. ಮೂರು ಜನ ದೊಡ್ಡವರ ತೂಕ ಗಾಡಿಯಿಂದ ಇಳಿದಂತೆ.

ಲಿಥಿಯಂ ಎಂದರೆ ಎಲ್ಲವೂ ಒಂದೇ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊಬೈಲಿನಲ್ಲಿರುವುದು ಬೇರೆ ರಸಾಯನ, ಇಂಥ ಗಾಡಿಗೆ ತಕ್ಕದ್ದು ಬೇರೆ. ಕಬ್ಬಿಣ ಮತ್ತು ಫಾಸ್ಫೇಟ್ ಇರುವ ಈ ಬಗೆ ಸುಲಭಕ್ಕೆ ಬಿಸಿಯೇರಿ ಹೊತ್ತಿಕೊಳ್ಳುವುದಿಲ್ಲ. ಅದನ್ನು ಲೋಕಕ್ಕೆ ತೋರಿಸಿದ 1997ರ ಪ್ರಬಂಧಕ್ಕೆ ಸಹಿ ಹಾಕಿದವರು ಮೂವರು: ಪಾಢಿ, ನಂಜುಂಡಸ್ವಾಮಿ, ಗುಡ್‌ಇನಫ್. ಮೂರನೆಯವರಿಗೆ 2019ರಲ್ಲಿ, 97ನೇ ವಯಸ್ಸಿನಲ್ಲಿ, ನೊಬೆಲ್ ಬಂತು. ಮೊದಲ ಎರಡು ಹೆಸರು ನಮ್ಮ ಪಠ್ಯದಲ್ಲಿ ಎಲ್ಲೂ ಇಲ್ಲ. ನಂಜುಂಡಸ್ವಾಮಿ ಎಂಬ ಹೆಸರಿನ ಹುಡುಗರು ನಮ್ಮ ತಾಲ್ಲೂಕಿನಲ್ಲೂ ಓದುತ್ತಿರುತ್ತಾರೆ, ಅವರಿಗಾದರೂ ಇದು ಗೊತ್ತಿರಲಿ ಎಂದು ಬರೆದೆ.

ಈಗ ಕೆಲಸ ಕೆಡುವ ಜಾಗಕ್ಕೆ ಬರೋಣ. ಬಹಳ ಮೆಕ್ಯಾನಿಕ್‌ಗಳು ಇದನ್ನು ಟಾರ್ಚಿಗೆ ಸೆಲ್ ಹಾಕಿದಷ್ಟು ಸುಲಭ ಎಂದುಕೊಂಡಿದ್ದಾರೆ. ಹಳೆಯದು ತೆಗಿ, ಹೊಸದು ಇಡು, ಎರಡು ವೈರು ಬಿಗಿ, ಹೋಯಿತು. ಹಾಗಲ್ಲ. ಲಿಥಿಯಂ ಪ್ಯಾಕಿನಲ್ಲಿ 3.2 ವೋಲ್ಟಿನ 16 ಸೆಲ್ ಸರಣಿಯಲ್ಲಿರುತ್ತವೆ. ಒಂದೊಂದಕ್ಕೂ 3.65 ವೋಲ್ಟ್ ಮೀರಬಾರದು, ಅಂದರೆ ಇಡೀ ಪ್ಯಾಕಿಗೆ 58.4. ಸೀಸದ ಹಳೆಯ ಚಾರ್ಜರುಗಳಲ್ಲಿ ಈಕ್ವಲೈಸ್ ಎಂಬ ಹಂತ ಇರುತ್ತದೆ. ಹರಳುಗಟ್ಟಿದ ಸಲ್ಫೇಟನ್ನು ಒಡೆಯಲು ಬೇಕೆಂದೇ 60 ವೋಲ್ಟಿಗಿಂತ ಮೇಲೆ ಏರಿಸುತ್ತದೆ. ಸೀಸಕ್ಕೆ ಅದು ಔಷಧ, ಲಿಥಿಯಂಗೆ ವಿಷ. ಪ್ಯಾಕಿನೊಳಗಿನ ಬಿಎಂಎಸ್ ಎಂಬ ಕಾವಲುಗಾರ ತಕ್ಷಣ ತಂತಿ ಕಡಿದು ಕಾಪಾಡುತ್ತದೆ, ನಿಜ. ಆದರೆ ಆ ಕಾವಲುಗಾರ ಇರುವುದು ಎಂದೋ ಬರುವ ಕಳ್ಳನಿಗೆ. ಪ್ರತಿ ರಾತ್ರಿ ಕಳ್ಳನನ್ನು ನಾವೇ ಮನೆಗೆ ಕರೆದರೆ ಎಷ್ಟು ದಿನ ತಡೆದಾನು? ಚಾರ್ಜರ್ ಬದಲಿಸದೆ ಬ್ಯಾಟರಿ ಬದಲಿಸುವುದು ಅರ್ಧ ಕೆಲಸವೂ ಅಲ್ಲ.

ಮೀಟರೂ ಮೋಸ ಮಾಡುತ್ತದೆ. ಸೀಸದ ಬ್ಯಾಟರಿ ಖಾಲಿಯಾದಂತೆ ವೋಲ್ಟೇಜ್ ನಿಧಾನವಾಗಿ ಇಳಿಯುತ್ತದೆ, ಮುಳ್ಳೂ ಇಳಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಕೊನೆಯವರೆಗೂ ಒಂದೇ ವೋಲ್ಟೇಜಿನಲ್ಲಿ ಗಟ್ಟಿಯಾಗಿ ನಿಂತು, ಕೊನೆಯಲ್ಲಿ ಒಮ್ಮೆಗೇ ಕುಸಿಯುತ್ತದೆ. ಹಳೆಯ ಮೀಟರ್ ಮುಕ್ಕಾಲು ಇದೆ ಎಂದು ತೋರಿಸುತ್ತಿರುವಾಗಲೇ ಗಾಡಿ ನಿಂತುಬಿಡಬಹುದು. ಒಳಗೆ ಹೋದ, ಹೊರಗೆ ಬಂದ ಆಂಪಿಯರನ್ನು ಎಣಿಸುವ ಮೀಟರ್ ಬೇಕು. ಇನ್ನು ಹಾರ್ನ್, ದೀಪಕ್ಕೆ ಸಾಲಿನ ಎರಡು ಬ್ಯಾಟರಿಯಿಂದ 12 ವೋಲ್ಟ್ ಕದಿಯುವ ಅಭ್ಯಾಸ ಎಲ್ಲ ಗ್ಯಾರೇಜಿನಲ್ಲೂ ಇದೆ. ಲಿಥಿಯಂನಲ್ಲಿ ಅದು ನಡೆಯದು, ಕನ್ವರ್ಟರ್ ಹಾಕಲೇಬೇಕು. ಇವೆಲ್ಲ ಕಲಿತರೆ ಬರುವ ವಿದ್ಯೆ, ಯಾವ ಮಾಯಮಂತ್ರವೂ ಇಲ್ಲ.

ಇದನ್ನು ಕಲಿಯದವರು ಹಳೆಯ ಲ್ಯಾಪ್‌ಟಾಪ್‌ಗಳಿಂದ, ಕೆಟ್ಟ ಸ್ಕೂಟರುಗಳಿಂದ ಸೆಲ್ ಕಿತ್ತು ಬೆಸೆದು ಅಗ್ಗದ ಪ್ಯಾಕ್ ಮಾಡಿ ಮಾರುತ್ತಾರೆ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಎಲೆಕ್ಟ್ರಿಕ್ ಸ್ಕೂಟರುಗಳು ಹೊತ್ತಿ ಉರಿದ ಸುದ್ದಿ ನೆನಪಿರಬಹುದು. ಅದಾದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿತು. ದೊಡ್ಡ ಕಂಪನಿಗಳಿಗೇ ಹಾಗಾಗಿದ್ದರೆ, ಲೆಕ್ಕವಿಲ್ಲದೆ ಬೆಸೆದ ಪ್ಯಾಕಿನ ಮೇಲೆ ಶಾಲೆ ಮಕ್ಕಳನ್ನು ಕೂರಿಸುವುದು ಎಂಥ ಧೈರ್ಯ ಎಂದು ಯೋಚಿಸಿ. ಅಗ್ಗದ ಪ್ಯಾಕ್ ಹಾಕುವುದಾದರೆ ಸೀಸದಲ್ಲೇ ಇರುವುದು ಮೇಲು ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ಸರಿ, ಎಲ್ಲ ನಿಯಮದಂತೆ ಮಾಡಿದೆವು. ಆ ಎಂಟು ಹಳೆಯ ಬ್ಯಾಟರಿಗಳು ಎಲ್ಲಿ ಹೋದವು?

ಗುಜರಿ ಅಂಗಡಿಗೆ. ತೂಕಕ್ಕೆ ಒಳ್ಳೆಯ ಬೆಲೆ, ಕೈಯಲ್ಲಿ ನಗದು, ರಸೀದಿ ಇಲ್ಲ. ಸೀಸದ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ ಇರುವುದರಿಂದ ಅದಕ್ಕೆ ಯಾವಾಗಲೂ ಗಿರಾಕಿ ಇದೆ. ಒಂದು ದೃಷ್ಟಿಯಿಂದ ಇದು ಒಳ್ಳೆಯದೇ. ಜಗತ್ತಿನಲ್ಲಿ ಇಷ್ಟು ಪೂರ್ತಿಯಾಗಿ ಮರುಬಳಕೆಯಾಗುವ ವಸ್ತು ಇನ್ನೊಂದು ಸಿಗುವುದು ಕಷ್ಟ. ಸರಿಯಾದ ಕಾರ್ಖಾನೆಗೆ ಹೋದರೆ ಸೀಸ, ಪ್ಲಾಸ್ಟಿಕ್, ಆಸಿಡ್ ಮೂರೂ ಮತ್ತೆ ಬ್ಯಾಟರಿಯಾಗಿ ಬರುತ್ತವೆ. ಸರಿಯಲ್ಲದ ಕೈಗೆ ಹೋದರೆ? ಆಸಿಡ್ ಚರಂಡಿಗೆ ಅಥವಾ ಹಿತ್ತಲಿಗೆ. ಪೆಟ್ಟಿಗೆಯನ್ನು ಕೊಡಲಿಯಿಂದ ಒಡೆಯುತ್ತಾರೆ. ತಟ್ಟೆಗಳನ್ನು ಬಾಣಲೆಯಲ್ಲಿಟ್ಟು ಕರಗಿಸುತ್ತಾರೆ. ಸೀಸ 327 ಡಿಗ್ರಿಗೇ ಕರಗುವ ಲೋಹ, ಸೌದೆ ಒಲೆ ಸಾಕು. ಹೊಗೆ, ಪುಡಿ ಗಾಳಿಗೆ ಸೇರಿ ಮಣ್ಣಿಗೆ ಇಳಿಯುತ್ತದೆ, ಕರಗಿಸುವವನ ಅಂಗಿಯ ಮೇಲೆ ಕೂತು ಮನೆಗೂ ಬರುತ್ತದೆ. ಅಪ್ಪ ಮನೆಗೆ ಬಂದ ಕೂಡಲೇ ಮಗು ಓಡಿ ಬಂದು ತಬ್ಬಿಕೊಳ್ಳುವುದು ಆ ಅಂಗಿಯನ್ನೇ.

ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ದೊಡ್ಡವರಿಗೆ ಹೊಟ್ಟೆನೋವು, ರಕ್ತಹೀನತೆ, ಕೈ ಸೋಲುವುದು. ಮಕ್ಕಳಿಗೆ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಏನೂ ಕಾಣಿಸುವುದೇ ಇಲ್ಲ. ಬುದ್ಧಿ ಸ್ವಲ್ಪ ಮಂದವಾಗುತ್ತದೆ, ಗಮನ ನಿಲ್ಲುವುದಿಲ್ಲ. ಮೇಷ್ಟರು ದಡ್ಡ ಎನ್ನುತ್ತಾರೆ, ಅಮ್ಮಿ ತುಂಟ ಎನ್ನುತ್ತಾಳೆ. ರಕ್ತ ಪರೀಕ್ಷೆ ಯಾರೂ ಮಾಡಿಸುವುದಿಲ್ಲ. ಯುನಿಸೆಫ್ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಪ್ರತಿ ಮೂರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ, ಒಟ್ಟು 80 ಕೋಟಿಯಷ್ಟು ಮಕ್ಕಳು. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಹೀಗೆ ಹಿತ್ತಲಲ್ಲಿ ಬ್ಯಾಟರಿ ಕರಗಿಸುವುದು ಎಂದು ಅದೇ ವರದಿ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ತುಪ್ಪಿಲ್ ಅವರು ಈ ವಿಷಯವನ್ನು ವರ್ಷಗಟ್ಟಲೆ ಹೇಳುತ್ತಾ ಬಂದರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸ ಹೋಯಿತು. ಬ್ಯಾಟರಿಯ ಸೀಸ ಮಾತ್ರ ನಮ್ಮ ನಡುವೆಯೇ ಉಳಿಯಿತು.

ಗುಜರಿ, ಗ್ಯಾರೇಜ್, ವೆಲ್ಡಿಂಗ್, ಬ್ಯಾಟರಿ ರಿಪೇರಿ: ನಮ್ಮ ಸಮುದಾಯದ ಎಷ್ಟೋ ಮನೆಗಳ ಒಲೆ ಉರಿಯುವುದು ಇವುಗಳಿಂದ. ಇದರಲ್ಲಿ ನಾಚಿಕೆ ಪಡುವುದು ಏನೂ ಇಲ್ಲ, ಹಲಾಲ್ ದುಡಿಮೆ. ನಮ್ಮ ತರಗತಿಯಲ್ಲಿ ಕೂತಿರುವ ಕೆಲವರ ಫೀಸು ಬಂದಿರುವುದೂ ಅಲ್ಲಿಂದಲೇ. ಆದ್ದರಿಂದಲೇ ಈ ಮಾತು ನಾವು ಆಡಬೇಕು. ಹೊರಗಿನವರು ಆಡಿದರೆ ಅದು ಗುಜರಿಯವರ ಮೇಲೆ ದೂರು ಆಗುತ್ತದೆ, ನಾಲ್ಕು ಅಂಗಡಿಗೆ ಬೀಗ ಬೀಳುತ್ತದೆ, ಸೀಸ ಕರಗಿಸುವವನು ಇನ್ನೊಂದು ತೋಟಕ್ಕೆ ಹೋಗಿ ಕರಗಿಸುತ್ತಾನೆ. ನಾವು ಆಡಿದರೆ, ಚಾಚಾ ಒಡೆಯಬೇಡಿ, ಹಾಗೇ ಇಡೀ ಬ್ಯಾಟರಿಯನ್ನು ನೋಂದಾಯಿತ ಖರೀದಿದಾರನಿಗೆ ಕೊಡಿ, ಆಸಿಡ್ ಚೆಲ್ಲಬೇಡಿ, ಮನೆಗೆ ಹೋಗುವ ಮುಂಚೆ ಅಂಗಿ ಬದಲಿಸಿ ಎಂದು ಹೇಳಬಹುದು. ವುಝೂ ಮಾಡುವ ನೀರನ್ನೂ ಪೋಲು ಮಾಡಬಾರದೆಂದು ಕಲಿತವರು ನಾವು, ನೆರೆಮನೆಯ ಬೋರ್‌ವೆಲ್ಲಿಗೆ ಆಸಿಡ್ ಇಳಿಯಲು ಹೇಗೆ ಬಿಡುತ್ತೇವೆ?

ಕಾನೂನು ಇಲ್ಲದೆ ಇಲ್ಲ. ರೇವಾ ರಸ್ತೆಗಿಳಿದ 2001ರಲ್ಲೇ ಹಳೆಯ ಬ್ಯಾಟರಿ ವಾಪಸು ಪಡೆಯುವ ನಿಯಮ ಬಂದಿತ್ತು. ಅದರ ಜಾಗಕ್ಕೆ 2022ರ ಆಗಸ್ಟ್‌ನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದವು. ತಯಾರಕರೇ ಹಳೆಯದನ್ನು ಸಂಗ್ರಹಿಸಿ ಮರುಬಳಕೆ ಮಾಡಿಸಬೇಕು, ಬಳಸುವವರು ಅದನ್ನು ಬೇರೆ ಕಸದೊಂದಿಗೆ ಬೆರೆಸದೆ ಅಧಿಕೃತರಿಗೇ ಕೊಡಬೇಕು. ಈ ನಿಯಮ ಲಿಥಿಯಂಗೂ ಅನ್ವಯಿಸುತ್ತದೆ. ಅದು ಒಳ್ಳೆಯದಾಯಿತು, ಏಕೆಂದರೆ ಲಿಥಿಯಂ ಪ್ಯಾಕಿಗೂ ಒಂದು ದಿನ ಸಾವಿದೆ. ಕಬ್ಬಿಣ, ಫಾಸ್ಫೇಟ್ ಇರುವ ಪ್ಯಾಕಿನಲ್ಲಿ ಕೋಬಾಲ್ಟ್, ನಿಕ್ಕಲ್‌ನಂಥ ಬೆಲೆಬಾಳುವ ಲೋಹ ಇಲ್ಲದ್ದರಿಂದ ಗುಜರಿಯವನಿಗೆ ಅದರಲ್ಲಿ ಆಸೆ ಇಲ್ಲ. ಸೀಸವನ್ನು ಆಸೆಯಿಂದ ಒಯ್ಯುತ್ತಾರೆ, ಇದನ್ನು ಕೆರೆಯಂಗಳಕ್ಕೆ ಎಸೆದಾರು ಎಂಬ ಭಯ ನನಗಿದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲದ ಸುತ್ತ 1,600 ಟನ್ ಲಿಥಿಯಂ ಇದೆ ಎಂದು ಅಂದಾಜಾಗಿರುವ ಸುದ್ದಿಗೆ ಎಲ್ಲರೂ ಖುಷಿಪಟ್ಟರು. ಅಗೆದು ತೆಗೆಯುವುದಕ್ಕೆ ಇರುವ ಉತ್ಸಾಹ, ಬಳಸಿದ ಮೇಲೆ ವಾಪಸು ತರುವುದಕ್ಕೂ ಇರಲಿ.

ದುಡ್ಡಿನ ಮಾತು ಬಿಟ್ಟರೆ ಈ ಲೇಖನ ಅಪೂರ್ಣ. ಲಿಥಿಯಂ ದುಬಾರಿ ಎಂದು ಪ್ರತಿಯೊಬ್ಬ ಇ-ರಿಕ್ಷಾ ಚಾಲಕನೂ ಹೇಳುತ್ತಾನೆ. ಅವನು ಹೇಳುವುದು ಸುಳ್ಳಲ್ಲ, ಅವತ್ತಿನ ದಿನಕ್ಕೆ ಅದು ನಿಜ. ಸೀಸದ ಸೆಟ್ಟಿಗೆ ನೂರು ರೂಪಾಯಿ ಎಂದಿಟ್ಟುಕೊಳ್ಳಿ, ಲಿಥಿಯಂಗೆ ಇನ್ನೂರೈವತ್ತು. ಸೀಸ ಒಂದೂವರೆ ವರ್ಷಕ್ಕೆ ಮುಗಿದರೆ ಆರು ವರ್ಷಕ್ಕೆ ನಾಲ್ಕು ಸೆಟ್ಟು, ನಾನೂರು ರೂಪಾಯಿ. ಎರಡು ಸಾವಿರ ಸಲ ಚಾರ್ಜ್ ತಾಳುವ ಒಳ್ಳೆಯ ಲಿಥಿಯಂ ಪ್ಯಾಕು ಅಷ್ಟು ಕಾಲ ಒಂದರಲ್ಲೇ ಮುಗಿಸುತ್ತದೆ. ಚಾರ್ಜ್ ಮಾಡುವಾಗ ಬಿಸಿಯಾಗಿ ಪೋಲಾಗುವ ಕರೆಂಟೂ ಕಡಿಮೆ. ಲೆಕ್ಕ ಎಲ್ಲರಿಗೂ ಅರ್ಥವಾಗುತ್ತದೆ. ಇನ್ನೂರೈವತ್ತು ಒಟ್ಟಿಗೆ ಇಲ್ಲದವನು ನೂರನ್ನು ನಾಲ್ಕು ಸಲ ಕೊಡುತ್ತಾನೆ, ಅದನ್ನೂ ಬಡ್ಡಿ ಸಾಲ ತಂದು. ಬಡತನ ದುಬಾರಿ ಎನ್ನುವುದು ಇದಕ್ಕೇ.

ಇಲ್ಲಿ ನಮ್ಮ ಜಮಾಅತ್‌ಗಳು ಮಾಡಬಹುದಾದ ಕೆಲಸ ಇದೆ. ಬೈತುಲ್ ಮಾಲ್‌ನಿಂದ ಮದುವೆಗೆ, ಆಸ್ಪತ್ರೆಗೆ ನೆರವು ಕೊಡುವುದನ್ನು ನಾವು ನೋಡಿದ್ದೇವೆ. ಅದರ ಜೊತೆಗೆ ಗಾಡಿ ಓಡಿಸಿ ಬದುಕುವವನಿಗೆ ಬ್ಯಾಟರಿ ಬದಲಿಸಲು ಕರ್ಝೆ ಹಸನಾ, ಬಡ್ಡಿಯಿಲ್ಲದ ಸಾಲ, ಏಕೆ ಕೊಡಬಾರದು? ಸೀಸದ ಸೆಟ್ಟಿಗೆ ಅವನು ತೆಗೆದಿಡಬೇಕಿದ್ದ ಹಣವೇ ತಿಂಗಳ ಕಂತಾಗಿ ವಾಪಸು ಬರುತ್ತದೆ. ಷರತ್ತು ಒಂದೇ ಇರಲಿ: ಹಳೆಯ ಬ್ಯಾಟರಿಗಳನ್ನು ಅಧಿಕೃತ ಡೀಲರಿಗೆ ಕೊಟ್ಟ ರಸೀದಿ ತಂದರೆ ಮಾತ್ರ ಸಾಲ. ಹಿಂದೂ, ಮುಸ್ಲಿಂ ಎಂದು ನೋಡದೆ ಕೊಟ್ಟರೆ ಇನ್ನೂ ಒಳ್ಳೆಯದು. ಸೀಸದ ಹೊಗೆ ಯಾವ ಮನೆಯ ಬಾಗಿಲಲ್ಲೂ ಧರ್ಮ ಕೇಳುವುದಿಲ್ಲ.

ನಮ್ಮ ಕಾಲೇಜಿನ ವಿಷಯಕ್ಕೆ ಬಂದರೆ, ನಮ್ಮಲ್ಲಿ ಗಾಲ್ಫ್ ಕಾರ್ಟ್ ಇಲ್ಲ, ಬರುವ ಲಕ್ಷಣವೂ ಇಲ್ಲ. ಕಂಪ್ಯೂಟರ್ ಲ್ಯಾಬಿನ ಯುಪಿಎಸ್ ಬ್ಯಾಟರಿಗಳು ಇವೆ, ಅವೂ ಸೀಸದವೇ. ಪ್ರಾಂಶುಪಾಲರಲ್ಲಿ, ಆಡಳಿತ ಮಂಡಳಿಯಲ್ಲಿ ನನ್ನ ಕೋರಿಕೆ ಮೂರು. ಮುಂದಿನ ಸಲ ಆ ಬ್ಯಾಟರಿಗಳನ್ನು ಬದಲಿಸುವಾಗ ಹಳೆಯವನ್ನು ಯಾರಿಗೆ ಕೊಟ್ಟೆವು, ಎಷ್ಟು ಕಿಲೋ, ರಸೀದಿ ಸಂಖ್ಯೆ ಏನು ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿ. ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಒಂದು ಮಧ್ಯಾಹ್ನ, ಸೀಸದ ಒಂದು ಬ್ಯಾಟರಿಯನ್ನೂ ಲಿಥಿಯಂ ಐರನ್ ಫಾಸ್ಫೇಟಿನ ನಾಲ್ಕು ಸೆಲ್ಲನ್ನೂ ಒಂದೇ ಬಲ್ಬಿಗೆ ಜೋಡಿಸಿ, ಹತ್ತು ನಿಮಿಷಕ್ಕೊಮ್ಮೆ ವೋಲ್ಟೇಜ್ ಬರೆದು ಗ್ರಾಫ್ ಹಾಕಲು ನಮಗೆ ಬಿಡಿ. ಇಳಿಜಾರು ಗೆರೆ ಯಾವುದು, ನೆಟ್ಟಗೆ ಹೋಗಿ ಕುಸಿಯುವ ಗೆರೆ ಯಾವುದು ಎಂದು ಕಣ್ಣಾರೆ ನೋಡಿದವನಿಗೆ ಮೀಟರ್ ಏಕೆ ಬದಲಿಸಬೇಕೆಂದು ಯಾರೂ ಹೇಳಬೇಕಾಗಿಲ್ಲ. ಮೂರನೆಯದು, ಆ ದಿನ ನಮ್ಮ ಪೇಟೆಯ ಬ್ಯಾಟರಿ ಮೆಕ್ಯಾನಿಕ್‌ಗಳನ್ನೂ ಗುಜರಿಯ ಚಾಚಾಗಳನ್ನೂ ಕರೆಯಿರಿ, ಚಹಾ ಕೊಡಿ. ಅವರ ಕೈಗೆ ಗೊತ್ತಿರುವುದು ನಮ್ಮ ಪುಸ್ತಕದಲ್ಲಿಲ್ಲ, ನಮ್ಮ ಪುಸ್ತಕದಲ್ಲಿರುವುದನ್ನು ಅವರಿಗೆ ಯಾರೂ ಹೇಳಿಲ್ಲ. ಮಾವಿನ ಸುಗ್ಗಿ ಶುರುವಾದರೆ ಅವರಿಗೆ ಪುರುಸೊತ್ತು ಸಿಗುವುದಿಲ್ಲ, ಅದಕ್ಕೆ ಮೊದಲೇ ದಿನ ಗೊತ್ತು ಮಾಡಿ.